ಸೆರೆಮನೆಯ ಲಾಕ್‌ಡೌನ್ ಮತ್ತು ಎರಡು ದಿನಗಳ ಗಡುವು

ಸೆರೆಮನೆಯ ವಿಚಾರ ಬರೆಯಲು ನಿವೃತ್ತ ಮೇಷ್ಟರಿಗೆ ಏನು ಅಧಿಕಾರವಿದೆಯೆಂದು ನಿಮ್ಮಲ್ಲಿ ಕೆಲವರಾದರೂ ಕೇಳಬಹುದು. ಅಧಿಕಾರವೇನೂ ಇಲ್ಲ. ಆದರೆ ಮೂವತ್ತು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನವನ್ನು ಬೋಧಿಸಿದವನಿಗೆ ಸಂವಿಧಾನದ 21ನೇ ವಿಧಿಯೊಂದಿಗೆ ಒಂದು ಬಗೆಯ ಹಳೆಯ ಸ್ನೇಹವಿರುತ್ತದೆ. ಜೀವವನ್ನೂ ವೈಯಕ್ತಿಕ ಸ್ವಾತಂತ್ರ್ಯವನ್ನೂ ಕಾಯುವ ಆ ವಿಧಿ ‘ವ್ಯಕ್ತಿ’ ಎಂಬ ಪದವನ್ನು ಬಳಸುತ್ತದೆ. ‘ಸಜ್ಜನ’ ಎಂದಿಲ್ಲ, ‘ನಾಗರಿಕ’ ಎಂದು ಕೂಡ ಇಲ್ಲ. ಹತ್ತನೆಯ ತರಗತಿಯಲ್ಲಿ ಈ ಒಂದು ಪದದ ಮೇಲೆ ನಾನು ಪೂರ್ತಿ ಒಂದು ಅವಧಿಯನ್ನು ಕಳೆಯುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಪರೀಕ್ಷೆಯಲ್ಲಿ ಇದು ಒಂದು ಅಂಕಕ್ಕೂ ಬರುವುದಿಲ್ಲವೆಂದು ಹಿಂದಿನ ಬೆಂಚಿನಿಂದ ಗೊಣಗಿದವರ ಧ್ವನಿ ನನಗಂತೂ ನೆನಪಿದೆ.

‘ಲಾಕ್‌ಡೌನ್’ ಎಂಬ ಪದವನ್ನು ನಾವೆಲ್ಲ 2020ರ ಮಾರ್ಚ್ ತಿಂಗಳಿನಲ್ಲಿ ಕಲಿತೆವು. ಆದರೆ ಅದು ಬಹಳ ಮೊದಲೇ ಅಮೆರಿಕದ ಸೆರೆಮನೆಗಳಲ್ಲಿ ಬಳಕೆಯಲ್ಲಿದ್ದ ಪದ. ಜೈಲಿನಲ್ಲಿ ಕೊಲೆಯಾಯಿತು, ಗಲಭೆಯೆದ್ದಿತು, ಆಯುಧವೊಂದು ಕಾಣೆಯಾಯಿತು, ಸಾಂಕ್ರಾಮಿಕ ರೋಗ ಹಬ್ಬಿತು, ಅಥವಾ ಕಾವಲಿಗೆ ಸಿಬ್ಬಂದಿ ಸಾಲದಾಯಿತು ಎಂದಿಟ್ಟುಕೊಳ್ಳಿ. ಆಗ ಎಲ್ಲ ಕೈದಿಗಳನ್ನೂ ಅವರವರ ಕೊಠಡಿಗೆ ಸೇರಿಸಿ ಬೀಗ ಹಾಕುತ್ತಾರೆ. ಊಟ ಬಾಗಿಲಿನ ಕಿಂಡಿಯಿಂದ ಒಳಗೆ ಬರುತ್ತದೆ. ಅಂಗಳವಿಲ್ಲ, ಕೆಲಸವಿಲ್ಲ, ಗ್ರಂಥಾಲಯವಿಲ್ಲ. ಬಂಧುಗಳ ಭೇಟಿಯೂ ದೂರವಾಣಿಯೂ ಬಂದ್. ವಕೀಲರು ಬರುವುದೂ ಹಲವು ಬಾರಿ ನಿಂತುಹೋಗುತ್ತದೆ. ಇದು ಎಷ್ಟು ದಿನ ಎಂದು ಕೇಳಿದರೆ, ‘ಪರಿಸ್ಥಿತಿ ಸುಧಾರಿಸುವವರೆಗೆ’ ಎಂಬುದಕ್ಕಿಂತ ಖಚಿತವಾದ ಉತ್ತರ ಸಾಮಾನ್ಯವಾಗಿ ಸಿಗುವುದಿಲ್ಲ.

ಬೀಗ ಹಾಕುವುದೇ ತಪ್ಪೆಂದು ನಾನು ವಾದಿಸುತ್ತಿಲ್ಲ. ಮನೆಗೆ ಬೆಂಕಿ ಬಿದ್ದಾಗ ಪಂಚಾಯಿತಿ ಸೇರಿಸುವವರುಂಟೇ? ಮೊದಲು ನೀರು ಹಾಕಬೇಕು. ನನ್ನ ಆಕ್ಷೇಪವಿರುವುದು ಬೆಂಕಿ ಆರಿದ ಮೇಲಿನ ದಿನಗಳ ಬಗ್ಗೆ. ಯಾರನ್ನು ಯಾವ ಕಾರಣಕ್ಕೆ ಒಳಗೆ ಕೂಡಿಹಾಕಲಾಯಿತು, ಅವನ ಮಾತನ್ನು ಯಾರಾದರೂ ಕೇಳಿದರೇ, ಎಂದು ಕೇಳಿದರು, ಇನ್ನೂ ಏಕೆ ಬಿಟ್ಟಿಲ್ಲ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರು ಯಾರು, ಯಾವ ದಿನಾಂಕದೊಳಗೆ? ಕಾನೂನಿನ ಭಾಷೆಯಲ್ಲಿ ಇದನ್ನೇ ನ್ಯಾಯೋಚಿತ ಪ್ರಕ್ರಿಯೆ ಎನ್ನುತ್ತಾರೆ.

‘ಮಾಡಿದ್ದುಣ್ಣೋ ಮಹಾರಾಯ’ ಎಂದು ಮೂಗು ಮುರಿಯುವವರು ನಮ್ಮ ಬಂಧುವರ್ಗದಲ್ಲಿಯೇ ಇದ್ದಾರೆ. ಅವರಿಗೂ ಇದನ್ನು ಓದಿಸಬೇಕೆಂಬ ಆಸೆ ನನಗೆ. ಮಾಡಿದ್ದನ್ನು ಉಣ್ಣಲಿ, ಒಪ್ಪಿದೆ. ಆದರೆ ಎಷ್ಟು ಉಣ್ಣಬೇಕೆಂದು ನ್ಯಾಯಾಧೀಶರು ಅಳೆದು ಬಡಿಸಿರುತ್ತಾರೆ. ಅದರ ಮೇಲೆ ಬಡಿಸುವವರು ಕಾರಣ ಹೇಳಲೇಬೇಕು. ನಮ್ಮ ದೇಶದ ಜೈಲುಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ಶಿಕ್ಷೆಯಾದವರೇ ಅಲ್ಲ, ವಿಚಾರಣಾಧೀನ ಕೈದಿಗಳು ಎಂಬುದನ್ನೂ ಇಲ್ಲಿ ನೆನಪಿಡತಕ್ಕದ್ದು. ಅವರು ಏನನ್ನಾದರೂ ಮಾಡಿದ್ದಾರೆಯೇ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ.

ಈ ಪದ್ಧತಿ ಬೆಳೆದದ್ದು ಅಮೆರಿಕದಲ್ಲಿ. ಇದರ ಬಗ್ಗೆ ಹೆಚ್ಚು ತರ್ಕಗಳು ನಡೆದದ್ದೂ ಅಲ್ಲಿಯ ನ್ಯಾಯಾಲಯಗಳಲ್ಲಿಯೇ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. 1974ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ನೆಬ್ರಾಸ್ಕ ರಾಜ್ಯದಿಂದ ಬಂದ ‘ವೂಲ್ಫ್ ವಿರುದ್ಧ ಮೆಕ್‌ಡೊನೆಲ್’ ಪ್ರಕರಣದಲ್ಲಿ, ಸೆರೆಮನೆಯ ಬಾಗಿಲಿನಲ್ಲಿ ಸಂವಿಧಾನ ನಿಂತುಹೋಗುವುದಿಲ್ಲವೆಂದು ಸ್ಪಷ್ಟಪಡಿಸಿತು. ಶಿಸ್ತುಕ್ರಮದಿಂದ ಕೈದಿಯ ಬಿಡುಗಡೆಯ ದಿನ ಮುಂದೆ ಹೋಗುವಂತಿದ್ದರೆ ಇಪ್ಪತ್ತನಾಲ್ಕು ಗಂಟೆ ಮುಂಚಿತವಾಗಿ ಲಿಖಿತ ನೋಟೀಸು ಕೊಡಬೇಕು, ಯಾವ ಸಾಕ್ಷ್ಯವನ್ನು ನಂಬಿ ನಿರ್ಣಯ ಮಾಡಿದರೆಂದು ಬರೆದು ತಿಳಿಸಬೇಕು, ಭದ್ರತೆಗೆ ಧಕ್ಕೆಯಾಗದಿದ್ದಲ್ಲಿ ಸಾಕ್ಷಿಗಳನ್ನು ಕರೆಯಲು ಬಿಡಬೇಕು. ವಕೀಲರನ್ನಿಟ್ಟುಕೊಳ್ಳುವ ಹಕ್ಕನ್ನು ಮಾತ್ರ ಕೊಡಲಿಲ್ಲ. ಇರಲಿ, ಒಂದು ಮೆಟ್ಟಿಲಾದರೂ ಕಟ್ಟಿದಂತಾಯಿತು.

ತುರ್ತು ಸನ್ನಿವೇಶದ ಪ್ರಶ್ನೆ ಬಂದದ್ದು ಅನಂತರ. 1979ರ ಡಿಸೆಂಬರ್ 3ರಂದು ಪೆನ್ಸಿಲ್ವೇನಿಯದ ಹಂಟಿಂಗ್‌ಡನ್ ಸೆರೆಮನೆಯಲ್ಲಿ ಗಲಭೆಯಾಯಿತು. ಅದರಲ್ಲಿ ಪಾತ್ರವಿರಬಹುದೆಂಬ ಅನುಮಾನದ ಮೇಲೆ ಹೆಲ್ಮ್ಸ್ ಎಂಬ ಕೈದಿಯನ್ನು ಅಂದೇ ಪ್ರತ್ಯೇಕ ಕೊಠಡಿಗೆ ಹಾಕಿದರು. ತಪ್ಪಿತಸ್ಥನೆಂಬ ನಿರ್ಣಯವಾಗುವ ಹೊತ್ತಿಗೆ ಸುಮಾರು ಏಳು ವಾರ ಕಳೆದಿತ್ತು. 1983ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ ನೀಡಿದ ತೀರ್ಪಿನ ಸಾರ ಇಷ್ಟು: ಮೊದಲು ಪ್ರತ್ಯೇಕಿಸಿ ಆಮೇಲೆ ಪರಿಶೀಲಿಸಬಹುದು, ಪರಿಶೀಲನೆ ಅನೌಪಚಾರಿಕವಾಗಿದ್ದರೂ ಸಾಕು, ಕೈದಿ ತನ್ನ ಹೇಳಿಕೆಯನ್ನು ಬರೆದುಕೊಟ್ಟರೆ ಸಾಕು, ಆದರೆ ಪರಿಶೀಲನೆ ‘ಸಮಂಜಸವಾದ ಕಾಲದೊಳಗೆ’ ನಡೆಯಬೇಕು, ಆಗಾಗ ಮರುಪರಿಶೀಲನೆಯೂ ಆಗಬೇಕು, ಅನಿರ್ದಿಷ್ಟ ಬಂಧನಕ್ಕೆ ಇದನ್ನೊಂದು ನೆಪವಾಗಿಸಿಕೊಳ್ಳಕೂಡದು. ಓದುವಾಗ ತಕ್ಕಡಿ ಸಮವಾಗಿಯೇ ಕಾಣುತ್ತದೆ. ಆದರೆ ‘ಸಮಂಜಸವಾದ ಕಾಲ’ ಎಂದರೆ ಎಷ್ಟು? ಅಲ್ಲೊಂದು ಅಂಕಿಯಿಲ್ಲ. ಅಂಕಿಯಿಲ್ಲದ ಕಡೆ ಅಧಿಕಾರಿಯ ಕೈಗಡಿಯಾರವೇ ಕಾನೂನಾಗುತ್ತದೆ.

ಅದೇ 1983ನೇ ಇಸವಿಯಲ್ಲಿ ಆ ಗಡಿಯಾರ ಎಷ್ಟು ನಿಧಾನವಾಗಿ ನಡೆಯಬಲ್ಲದೆಂಬುದು ಇಲಿನಾಯ್ ರಾಜ್ಯದ ಮೇರಿಯನ್ ಎಂಬಲ್ಲಿ ಗೊತ್ತಾಯಿತು. 1963ರಲ್ಲಿ ಆಲ್ಕಟ್ರಾಜ್ ದ್ವೀಪದ ಸೆರೆಮನೆ ಮುಚ್ಚಿದ ವರ್ಷವೇ ತೆರೆದ ಕೇಂದ್ರ ಕಾರಾಗೃಹವದು. ಅದರೊಳಗೆ ಅತ್ಯಂತ ಅಪಾಯಕಾರಿಗಳೆನಿಸಿದವರಿಗೆ ‘ನಿಯಂತ್ರಣ ಘಟಕ’ವೆಂಬ ಬೇರೆ ವಿಭಾಗವಿತ್ತು. 1983ರ ಅಕ್ಟೋಬರ್ 22ರಂದು, ಒಂದೇ ದಿನದಲ್ಲಿ, ಕೆಲವೇ ಗಂಟೆಗಳ ಅಂತರದಲ್ಲಿ, ಆ ಘಟಕದ ಇಬ್ಬರು ಕೈದಿಗಳು ಇಬ್ಬರು ಕಾವಲುಗಾರರನ್ನು ಇರಿದು ಕೊಂದರು. ಘೋರವಾದ ಕೃತ್ಯ, ಆ ಕಾವಲುಗಾರರಿಗೂ ಮನೆಮಠ, ಹೆಂಡತಿಮಕ್ಕಳೆಂಬುದು ಇರುತ್ತದೆಂಬುದನ್ನು ಕೈದಿಗಳ ಹಕ್ಕಿನ ಬಗ್ಗೆ ಬರೆಯುವವರು ಅನೇಕ ವೇಳೆ ಮರೆಯುತ್ತಾರೆ. ಆ ತಿಂಗಳ ಕೊನೆಯಲ್ಲಿ ಇಡೀ ಜೈಲಿಗೆ ಬೀಗ ಬಿತ್ತು. ಕೊಂದವರಿಬ್ಬರು, ಬೀಗ ಬಿದ್ದದ್ದು ಆ ಘಟಕಕ್ಕೆ ಸೇರದ ನೂರಾರು ಮಂದಿಗೂ ಸೇರಿ. ದಿನಕ್ಕೆ ಇಪ್ಪತ್ತೆರಡು ಇಪ್ಪತ್ತಮೂರು ಗಂಟೆ ಕೊಠಡಿಯೊಳಗೆ.

ಆ ಬೀಗ ಎಂದು ತೆಗೆಯಿತೆಂದು ನೀವು ಊಹಿಸಬಲ್ಲಿರಾ? ಮೇರಿಯನ್ನನ್ನು ಮಧ್ಯಮ ಭದ್ರತೆಯ ಸೆರೆಮನೆಯಾಗಿ ಮಾರ್ಪಡಿಸಿದ್ದು 2006ರಲ್ಲಿ. ತುರ್ತುಕ್ರಮವೆಂದು ಹಾಕಿದ ಬೀಗ ಸುಮಾರು ಇಪ್ಪತ್ತಮೂರು ವರ್ಷ ಹಾಗೆಯೇ ಉಳಿಯಿತು. ನಡುವೆ ಕೈದಿಗಳು ನ್ಯಾಯಾಲಯಕ್ಕೆ ಹೋದರು. 1988ರಲ್ಲಿ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶ ರಿಚರ್ಡ್ ಪೋಸ್ನರ್ ಅಲ್ಲಿಯ ಸ್ಥಿತಿ ಭೀಕರವೆಂಬುದನ್ನು ಅಲ್ಲಗಳೆಯದೆ, ಭದ್ರತೆಗೆ ಅದು ಅಗತ್ಯವೆಂದು ಹೇಳಿ ಎತ್ತಿಹಿಡಿದರು. 1994ರಲ್ಲಿ ಕೊಲರಾಡೊದ ಫ್ಲಾರೆನ್ಸ್‌ನಲ್ಲಿ ಹೊಸ ಸೆರೆಮನೆಯನ್ನು ಕಟ್ಟುವಾಗ ಮೇರಿಯನ್ನಿನ ಆ ತುರ್ತುಸ್ಥಿತಿಯೇ ಕಟ್ಟಡದ ನಕ್ಷೆಯಾಗಿಹೋಗಿತ್ತು! ಅಲ್ಲಿ ಲಾಕ್‌ಡೌನ್ ಘೋಷಿಸಬೇಕಾದ ಅಗತ್ಯವೇ ಇಲ್ಲ. ದಿನನಿತ್ಯದ ಬದುಕೇ ಅದು.

ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಅಪಾಯವಿದೆ. ಹವಾಯಿ ರಾಜ್ಯದ ಹಲಾವಾ ಸೆರೆಮನೆಯ ಕೈದಿಯೊಬ್ಬನನ್ನು ಶಿಸ್ತಿನ ಹೆಸರಿನಲ್ಲಿ ಮೂವತ್ತು ದಿನ ಪ್ರತ್ಯೇಕವಾಗಿಟ್ಟರು. ತನ್ನ ಸಾಕ್ಷಿಗಳನ್ನು ಕರೆಯಲು ಬಿಡಲಿಲ್ಲವೆಂಬುದು ಅವನ ದೂರು. 1995ರ ‘ಸ್ಯಾಂಡಿನ್ ವಿರುದ್ಧ ಕಾನರ್’ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೊಸದೊಂದು ಅಳತೆಗೋಲನ್ನು ತಂದಿತು. ಸೆರೆವಾಸದ ಸಾಮಾನ್ಯ ಕಷ್ಟಕ್ಕಿಂತ ಅಸಾಧಾರಣವಾದ, ಗಣನೀಯವಾದ ಕಷ್ಟವಾಗಿದ್ದರೆ ಮಾತ್ರ ವಿಚಾರಣೆಯ ಹಕ್ಕು ಹುಟ್ಟುತ್ತದೆ ಎಂದಿತು. ಇವನದು ಹಾಗಲ್ಲವೆಂದು ಹೇಳಲು ಕೊಟ್ಟ ಕಾರಣಗಳಲ್ಲಿ ಒಂದನ್ನು ಗಮನಿಸಿ: ಆ ಸೆರೆಮನೆಯಲ್ಲಿ ಉಳಿದ ಕೈದಿಗಳೂ ದಿನಕ್ಕೆ ಹನ್ನೆರಡರಿಂದ ಹದಿನಾರು ಗಂಟೆ ಬೀಗದೊಳಗೇ ಇರುತ್ತಾರಂತೆ! ಈ ಲೆಕ್ಕವನ್ನು ಸ್ವಲ್ಪ ಮುಂದಕ್ಕೆ ಒಯ್ದು ನೋಡಿ. ಜೈಲಿನಲ್ಲಿ ಎಲ್ಲರನ್ನೂ ಹೆಚ್ಚು ಹೊತ್ತು ಕೂಡಿಹಾಕಿದಷ್ಟೂ ‘ಸಾಮಾನ್ಯ ಕಷ್ಟ’ದ ಮಟ್ಟ ಮೇಲೇರುತ್ತದೆ, ಅದು ಏರಿದಷ್ಟೂ ಒಬ್ಬ ಕೈದಿಯ ವಿಚಾರಣೆಯ ಹಕ್ಕು ಕರಗುತ್ತದೆ. ಗಣಿತದ ಮೇಷ್ಟರೊಬ್ಬರಿಗೆ ಇದನ್ನು ಹೇಳಿದಾಗ, ಛೇದ ದೊಡ್ಡದಾದರೆ ಭಿನ್ನರಾಶಿ ಚಿಕ್ಕದಾಗಲೇಬೇಕಲ್ಲ ಎಂದು ನಕ್ಕರು. ನನಗೆ ನಗು ಬರಲಿಲ್ಲ. ಹತ್ತು ವರ್ಷಗಳ ತರುವಾಯ, 2005ರಲ್ಲಿ, ಓಹಾಯೊ ರಾಜ್ಯದ ಅತಿಭದ್ರತೆಯ ಸೆರೆಮನೆಯ ಪ್ರಕರಣದಲ್ಲಿ ಅದೇ ನ್ಯಾಯಾಲಯ, ದಿನಕ್ಕೆ ಇಪ್ಪತ್ತಮೂರು ಗಂಟೆಯ ಒಂಟಿ ಬಂಧನವೂ ವರ್ಷಕ್ಕೊಮ್ಮೆಯ ಮರುಪರಿಶೀಲನೆಯೂ ಇರುವಲ್ಲಿಗೆ ಕಳುಹಿಸುವುದು ಅಸಾಧಾರಣ ಕಷ್ಟವೇ ಎಂದು ಒಮ್ಮತದಿಂದ ಒಪ್ಪಿತು. ಹಾಗೆ ಒಪ್ಪಿಯೂ ಅನೌಪಚಾರಿಕ ಪರಿಶೀಲನೆಯೇ ಸಾಕೆಂದಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಶಾಲೆಯವರಿಗೆ ಹೊಸದಲ್ಲ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಕಿಟಕಿಯ ಗಾಜು ಒಡೆಯಿತೆಂದು, ಒಡೆದವನ ಹೆಸರು ಹೊರಬರುವವರೆಗೆ ಇಡೀ ತರಗತಿಯನ್ನು ಸಂಜೆ ಕೂಡಿಹಾಕಲಾಗಿತ್ತು. ಹಳ್ಳಿಯಿಂದ ಬರುತ್ತಿದ್ದ ಆರು ಮಂದಿ ಹೆಣ್ಣುಮಕ್ಕಳಿಗೆ ಕಡೆಯ ಬಸ್ಸು ತಪ್ಪಿತು. ಗಾಜು ಒಡೆದವನು ಬೇರೆ ತರಗತಿಯವನೆಂದು ಮರುದಿನ ತಿಳಿಯಿತು. ಶಾಲೆಯಲ್ಲಿ ಅದು ಒಂದು ಸಂಜೆಯ ಕಥೆ. ನೆಲ್ಸನ್ ಮಂಡೇಲಾ ಅವರ ಹೆಸರಿನಲ್ಲಿ ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ ಕೈದಿಗಳ ನಿಯಮಾವಳಿಯು ಸಾಮೂಹಿಕ ಶಿಕ್ಷೆಯನ್ನು ನೇರವಾಗಿ ನಿಷೇಧಿಸುತ್ತದೆ. ಮನುಷ್ಯ ಸಂಪರ್ಕವಿಲ್ಲದೆ ದಿನಕ್ಕೆ ಇಪ್ಪತ್ತೆರಡು ಗಂಟೆಗೂ ಮೇಲ್ಪಟ್ಟ ಒಂಟಿ ಬಂಧನವನ್ನು ಸತತ ಹದಿನೈದು ದಿನಗಳಾಚೆ ಮುಂದುವರಿಸುವುದನ್ನೂ ನಿಷೇಧಿಸುತ್ತದೆ. ಆದರೆ ರಾಷ್ಟ್ರಗಳನ್ನು ಕಟ್ಟಿಹಾಕುವ ಕಾನೂನಿನ ಬಲ ಆ ನಿಯಮಾವಳಿಗಿಲ್ಲ.

ಇನ್ನು ನಮ್ಮ ದೇಶಕ್ಕೆ ಬರೋಣ. ಅಮೆರಿಕದ ನ್ಯಾಯಾಲಯ ‘ಸಮಂಜಸವಾದ ಕಾಲ’ ಎಂದು ಹೇಳುವುದಕ್ಕೂ ಮುಂಚೆಯೇ ನಮ್ಮ ಸರ್ವೋಚ್ಚ ನ್ಯಾಯಾಲಯ ಒಂದು ಅಂಕಿಯನ್ನು ಬರೆದಿಟ್ಟಿದೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ತಿಹಾರ್ ಜೈಲಿನಲ್ಲಿದ್ದ ಸುನಿಲ್ ಬಾತ್ರಾ ಎಂಬ ಕೈದಿಗೆ ಕೆಳಗಿನ ನ್ಯಾಯಾಲಯ ಮರಣದಂಡನೆ ವಿಧಿಸಿತ್ತು. 1894ರ ಕಾರಾಗೃಹ ಕಾಯಿದೆಯ 30ನೇ ಕಲಮನ್ನು ತೋರಿಸಿ ಅವನನ್ನು ಒಂಟಿ ಕೊಠಡಿಯಲ್ಲಿಟ್ಟಿದ್ದರು. 1978ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಏಕಾಂತ ಸೆರೆವಾಸವೆಂಬುದು ದಂಡಸಂಹಿತೆಯ ಪ್ರಕಾರ ನ್ಯಾಯಾಲಯವೇ ವಿಧಿಸಬೇಕಾದ ಪ್ರತ್ಯೇಕ ಶಿಕ್ಷೆ, ಜೈಲರು ತಾನೇ ಕೊಡುವಂಥದ್ದಲ್ಲ ಎಂದಿತು. ನ್ಯಾಯಾಲಯ ವಿಧಿಸಿದರೂ ಒಟ್ಟು ಮೂರು ತಿಂಗಳಿಗೆ ಮೀರುವಂತಿಲ್ಲ. ಮೇರಿಯನ್ನಿನ ಇಪ್ಪತ್ತಮೂರು ವರ್ಷಗಳ ಪಕ್ಕದಲ್ಲಿಟ್ಟು ನೋಡಿ.

ಅದೇ ಬಾತ್ರಾ, ತನ್ನ ಕುತ್ತಿಗೆಗೆ ನೇಣಿನ ಭಯವಿದ್ದಾಗಲೂ, ಇನ್ನೊಬ್ಬ ಕೈದಿಗೆ ವಾರ್ಡರನೊಬ್ಬ ಕೊಟ್ಟ ಚಿತ್ರಹಿಂಸೆಯನ್ನು ವಿವರಿಸಿ ನ್ಯಾಯಮೂರ್ತಿಯೊಬ್ಬರಿಗೆ ಕಾಗದ ಬರೆದ. ಆ ಕಾಗದವನ್ನೇ ಅರ್ಜಿಯೆಂದು ಪರಿಗಣಿಸಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ತೀರ್ಪು ಬರೆದರು. ಕಾನೂನು ಪುಸ್ತಕಗಳಲ್ಲಿ ಇದು 1980ರ ಬಾತ್ರಾ ತೀರ್ಪೆಂದು ಹೆಸರಾಗಿದೆ. 1957ರ ಕೇರಳ ಸಚಿವ ಸಂಪುಟದಲ್ಲಿ ಸೆರೆಮನೆ ಖಾತೆಯನ್ನೂ ನೋಡಿಕೊಂಡಿದ್ದ ಅವರಿಗೆ ಜೈಲಿನ ಗೋಡೆಯ ಎರಡು ಬದಿಯೂ ಗೊತ್ತಿತ್ತು. ಆ ತೀರ್ಪಿನ ನಿರ್ದೇಶನ ಹೀಗಿದೆ: ಒಂಟಿ ಕೊಠಡಿಯಾಗಲಿ, ಸೌಲಭ್ಯಗಳ ನಿರಾಕರಣೆಯಾಗಲಿ, ಶಿಕ್ಷೆಯ ಸ್ವರೂಪದ ವರ್ಗಾವಣೆಯಾಗಲಿ, ಸೆಷನ್ಸ್ ನ್ಯಾಯಾಧೀಶರ ಪರಿಶೀಲನೆಯಿಲ್ಲದೆ ಆಗಕೂಡದು, ತುರ್ತಿನಿಂದಾಗಿ ಮೊದಲೇ ತಿಳಿಸುವುದು ಕಷ್ಟವಾದರೆ, ಕ್ರಮ ಕೈಗೊಂಡ ಎರಡು ದಿನಗಳೊಳಗೆ ಅವರಿಗೆ ತಿಳಿಸಬೇಕು.

ಎರಡು ದಿನ. ತುರ್ತನ್ನು ಈ ತೀರ್ಪು ಅಲ್ಲಗಳೆಯುವುದಿಲ್ಲ. ಜೈಲರನ ಕೈ ಕಟ್ಟುವುದೂ ಇಲ್ಲ. ಬೀಗ ಹಾಕಪ್ಪ, ಆದರೆ ನಾಡಿದ್ದರೊಳಗೆ ಹೊರಗಿನವರೊಬ್ಬರಿಗೆ ಲೆಕ್ಕ ಕೊಡು ಎನ್ನುತ್ತದೆ. ಆ ಹೊರಗಿನವರು ಜೈಲು ಇಲಾಖೆಯ ಸಂಬಳ ತಿನ್ನುವವರಲ್ಲ ಎಂಬುದೇ ಇಲ್ಲಿನ ಜೀವಾಳ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಾರಾಗೃಹ ಇಲಾಖೆಯಲ್ಲಿದ್ದಾನೆ. ಈ ಲೇಖನದ ಹಸ್ತಪ್ರತಿಯನ್ನು ಅವನಿಗೆ ಓದಿ ಹೇಳಿದೆ. ಅವನ ಮಾತನ್ನು ಮುಚ್ಚಿಡುವುದು ನ್ಯಾಯವಲ್ಲ. “ಸಾರ್, ಬ್ಯಾರಕ್ಕಿನಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನ. ರಾತ್ರಿ ಪಾಳಿಯಲ್ಲಿ ನಾವು ಬೆರಳೆಣಿಕೆಯಷ್ಟು. ಹೊಡೆದಾಟ ಶುರುವಾದರೆ ಯಾರು ಹೊಡೆದರು, ಯಾರು ಹೊಡೆಸಿಕೊಂಡರು ಎಂದು ನೋಡುತ್ತ ನಿಂತರೆ ಬೆಳಗಾಗುವುದರೊಳಗೆ ಹೆಣ ಬಿದ್ದಿರುತ್ತದೆ. ಎಲ್ಲರನ್ನೂ ಒಳಗೆ ತಳ್ಳಲೇಬೇಕು. ಆಮೇಲೆ ಎರಡೇ ದಿನದಲ್ಲಿ ಪ್ರತಿಯೊಬ್ಬನ ಬಗ್ಗೆ ವರದಿ ಬರೆಯುವುದಕ್ಕೆ ಗುಮಾಸ್ತರಾದರೂ ಎಲ್ಲಿದ್ದಾರೆ?” ಎಂದ. ಮೊದಲರ್ಧಕ್ಕೆ ನನ್ನಲ್ಲಿ ಎದುರು ಮಾತಿಲ್ಲ. ಎರಡನೆಯ ಅರ್ಧಕ್ಕೆ ಇದೆ. ಬೆಳಿಗ್ಗೆ ಸಂಜೆ ತಲೆ ಎಣಿಸಿ ಬರೆದಿಡಲು ಗುಮಾಸ್ತರು ಸಿಗುತ್ತಾರೆ. ಹಾಜರಿಯ ಆ ಹೆಸರುಗಳ ಮುಂದೆ ಕಾರಣಕ್ಕೊಂದು ಕಾಲಂ ಎಳೆಯುವುದು ದೊಡ್ಡ ಕೆಲಸವಲ್ಲ. ಎಂಬತ್ತು ಜನರ ಹೆಸರಿನ ಮುಂದೆ ಬರೆಯಲು ಕಾರಣವೇ ಸಿಗದಿದ್ದರೆ, ಆ ಎಂಬತ್ತು ಜನರನ್ನು ಬಿಟ್ಟುಬಿಡಬಹುದೆಂದು ಆ ಖಾಲಿ ಕಾಲಮ್ಮೇ ಹೇಳುತ್ತದೆ. ಅವನು ಪೂರ್ತಿ ಒಪ್ಪಲಿಲ್ಲ. ಶಾಲೆಯಲ್ಲಿದ್ದಾಗಲೂ ಹಾಗೆಯೇ, ಸುಲಭಕ್ಕೆ ಒಪ್ಪುವ ಹುಡುಗನಲ್ಲ.

ಬೀಗದೊಳಗಿನವರ ಪಾಡು ಹೊರಗಿನವರಿಗೆ ಹೇಗೆ ಮುಟ್ಟುತ್ತದೆಂಬುದನ್ನು ನಾನು ಹತ್ತಿರದಿಂದ ಕೇಳಿದ್ದು 2020ರಲ್ಲಿ. ಕೊರೋನಾ ಕಾರಣದಿಂದ ದೇಶದ ಅನೇಕ ಜೈಲುಗಳಲ್ಲಿ ಬಂಧುಗಳ ಭೇಟಿ ನಿಂತಿತು. ಕೈದಿಗಳನ್ನು ನ್ಯಾಯಾಲಯಕ್ಕೆ ಕರೆದೊಯ್ಯುವುದೂ ನಿಂತಿತು. ಆ ಮಾರ್ಚ್ 21ರಂದು ಕೋಲ್ಕತ್ತದ ದಮ್ ದಮ್ ಜೈಲಿನಲ್ಲಿ ಗಲಭೆ ಭುಗಿಲೆದ್ದದ್ದಕ್ಕೆ ಇವೇ ಕಾರಣಗಳು. ರೋಗ ಹರಡದಂತೆ ತಡೆಯುವುದು ಸರಿಯೇ. ಸರ್ವೋಚ್ಚ ನ್ಯಾಯಾಲಯವೂ ಮಾರ್ಚ್ 23ರಂದು ತಾನಾಗಿಯೇ ಕೈಗೆತ್ತಿಕೊಂಡ ಪ್ರಕರಣದಲ್ಲಿ ಪ್ರತಿ ರಾಜ್ಯದಲ್ಲಿ ಉನ್ನತಾಧಿಕಾರ ಸಮಿತಿ ರಚಿಸಲು ಹೇಳಿತು. ಅದರಿಂದ ಸಾವಿರಾರು ಮಂದಿ ಮಧ್ಯಂತರ ಜಾಮೀನಿನ ಮೇಲೂ ಪೆರೋಲಿನ ಮೇಲೂ ಹೊರಬಂದರು. ಇದನ್ನು ಮೆಚ್ಚಲೇಬೇಕು. ಆದರೆ ಆ ಬೇಸಿಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ದೂರವಾಣಿ ಮಾಡಿದ್ದರು. ಆಕೆಯ ಕಿರಿಯ ಮಗ ವಿಚಾರಣಾಧೀನ ಕೈದಿ. ಅವನು ಮಾಡಿದನೋ ಇಲ್ಲವೋ ನಾನರಿಯೆ, ಅದು ನ್ಯಾಯಾಲಯದ ಕೆಲಸ. ಭೇಟಿ ನಿಂತು ಒಂದು ತಿಂಗಳು ದಾಟಿತ್ತು. ಮುಂದಿನ ವಾಯಿದೆ ಯಾವತ್ತೆಂದು ತಿಳಿಯದು. ವಕೀಲರ ಕಚೇರಿಯೂ ಮುಚ್ಚಿತ್ತು. “ಬಿಡಿಸಿ ಅಂತ ಕೇಳ್ತಿಲ್ಲ ಮೇಷ್ಟ್ರೇ, ಅಲ್ಲೇ ಅವ್ನೆ, ಉಸಿರಾಡ್ತಾ ಅವ್ನೆ ಅಂತ ಯಾರಾದ್ರೂ ಒಂದು ಮಾತು ಹೇಳ್ಲಿ” ಎಂದರು ಆ ತಾಯಿ. ಆ ಮಾತನ್ನು ಹೇಳಬೇಕಾದವರು ಯಾರೆಂದು ಕಂಡುಹಿಡಿಯುವುದಕ್ಕೇ ನನಗೆ ಒಂಬತ್ತು ದಿನ ಹಿಡಿಯಿತು. ಓದುಬರಹ ಬಲ್ಲ, ನಾಲ್ಕು ಜನರ ಪರಿಚಯವಿರುವ ನನ್ನ ಪಾಡು ಇದು.

ಆ ದಿನಗಳಲ್ಲಿಯೇ ತಮಿಳುನಾಡಿನ ಮಧುರೈ ಕಡೆಯಿಂದ ಒಂದು ಪ್ರಕರಣ ದೆಹಲಿಯನ್ನು ತಲುಪಿತು. ಕಾನೂನು ಹೇಳಿದ ಗಡುವಿನೊಳಗೆ ಪೊಲೀಸರು ಆರೋಪಪಟ್ಟಿ ಸಲ್ಲಿಸದಿದ್ದರೆ ಬಂಧಿತನಿಗೆ ಜಾಮೀನು ಹಕ್ಕಾಗಿ ಸಿಗಬೇಕು. ಲಾಕ್‌ಡೌನ್ ಇರುವುದರಿಂದ ಆ ಗಡುವೂ ತಾನಾಗಿ ಬೆಳೆಯಿತೆಂದು ಮದ್ರಾಸ್ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಹೇಳಿತ್ತು. 2020ರ ಜೂನ್ 19ರಂದು ‘ಎಸ್. ಕಾಸಿ’ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಲಾಕ್‌ಡೌನನ್ನು ತುರ್ತು ಪರಿಸ್ಥಿತಿಯ ಘೋಷಣೆಗೆ ಸಮವೆಂದು ಭಾವಿಸಲಾಗದು, ಬಂಧಿತನ ಸ್ವಾತಂತ್ರ್ಯದ ಗಡಿಯಾರ ನಿಲ್ಲುವುದಿಲ್ಲ ಎಂದಿತು. ಹಾಗೆನ್ನುವಾಗ 1976ರ ಜಬಲ್‌ಪುರ ಪ್ರಕರಣವನ್ನೂ ನೆನಪಿಸಿಕೊಂಡಿತು. ತುರ್ತು ಪರಿಸ್ಥಿತಿಯಲ್ಲಿ ಬಂಧಿತರಾದವರು ನ್ಯಾಯಾಲಯದ ಬಾಗಿಲು ಬಡಿಯುವಂತೆಯೇ ಇಲ್ಲವೆಂದು ನಾಲ್ವರು ನ್ಯಾಯಮೂರ್ತಿಗಳು ಹೇಳಿ, ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದ ತೀರ್ಪದು. ನಲವತ್ತೊಂದು ವರ್ಷಗಳ ಮೇಲೆ, 2017ರಲ್ಲಿ, ಅದು ರದ್ದಾದದ್ದು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನ ಪ್ರಕರಣದಲ್ಲಿ. ಹತ್ತನೆಯ ತರಗತಿಯ ಪುಸ್ತಕದಲ್ಲಿ ಇದಕ್ಕೆ ಜಾಗವಿರಬೇಕೆಂದು ನನ್ನ ಅಭಿಪ್ರಾಯ. ಪಠ್ಯಪುಸ್ತಕ ಸಮಿತಿಯವರು ನನ್ನನ್ನು ಕೇಳುವುದಿಲ್ಲವಷ್ಟೆ.

ಕಾಸಿ ತೀರ್ಪಿನಲ್ಲಿ ನನಗೆ ಮೆಚ್ಚುಗೆಯಾದದ್ದು, ಅಲ್ಲಿಯೂ ಒಂದು ಅಂಕಿ ಗೆದ್ದಿತೆಂಬುದು. ಅರವತ್ತು ದಿನ, ತೊಂಬತ್ತು ದಿನ ಎಂದು ಕಾನೂನಿನಲ್ಲಿ ಬರೆದಿದ್ದರಿಂದಲೇ ಆ ಬಂಧಿತನ ವಕೀಲರಿಗೆ ಬೆರಳಿಟ್ಟು ತೋರಿಸಲು ಸಾಧ್ಯವಾಯಿತು. ‘ಸಮಂಜಸವಾದ ಕಾಲ’ ಎಂದಿದ್ದರೆ ಯಾವುದರ ಮೇಲೆ ಬೆರಳಿಡುತ್ತಿದ್ದರು? ಬಾತ್ರಾ ತೀರ್ಪಿನ ಎರಡು ದಿನವೂ ಅಂಥದ್ದೇ ಅಂಕಿ. ಆದರೆ ಅದು ತೀರ್ಪಿನ ಹಾಳೆಯಲ್ಲಿದೆ, ಕೈದಿಯ ಕೈಯಲ್ಲಿಲ್ಲ. ಕೈದಿಗಳಿಗಾಗಿ ಅವರ ಹಕ್ಕುಗಳ ಕೈಪಿಡಿಯೊಂದನ್ನು ಸಿದ್ಧಪಡಿಸಿ ಹಂಚಬೇಕೆಂದು ಕೃಷ್ಣ ಅಯ್ಯರ್ ಅದೇ ತೀರ್ಪಿನಲ್ಲಿ ಹೇಳಿದ್ದರು. ತಿಹಾರ್ ಜೈಲಾದ್ದರಿಂದ ಹಿಂದಿಯಲ್ಲಿ ಎಂದಿದ್ದರು.

ನಮ್ಮ ಕಡೆಗೆ ಬೇಕಾದದ್ದು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಎರಡೇ ಪುಟ. ಬ್ಯಾರಕ್ಕಿಗೆ ಬೀಗ ಬಿದ್ದ ದಿನ ಕೈದಿ ಏನೇನು ಕೇಳಬಹುದು: ನನ್ನನ್ನು ಒಳಗಿಟ್ಟ ಕಾರಣವನ್ನು ಬರೆದು ಕೊಡಿ, ನನ್ನ ಹೇಳಿಕೆಯನ್ನು ಬರೆದುಕೊಳ್ಳಿ, ಸೆಷನ್ಸ್ ನ್ಯಾಯಾಧೀಶರಿಗೆ ಎಂದು ತಿಳಿಸಿದಿರಿ, ನನ್ನ ಮನೆಯವರಿಗೆ ನಾನಿದ್ದೇನೆಂದು ಹೇಳಿ, ನನ್ನ ವಕೀಲರಿಗೆ ಫೋನ್ ಮಾಡಿಸಿ. ಓದಲು ಬಾರದವರಿಗೆ ಓದಿ ಹೇಳುವಂತಿರಬೇಕು. ಒಂದೊಂದು ವಾಕ್ಯ ಒಂದೇ ಉಸಿರಿನಲ್ಲಿ ಮುಗಿಯಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳ ಕಡೆಯಿಂದ ಜೈಲಿಗೆ ಹೋಗುವ ವಕೀಲರಿದ್ದಾರೆ. ಅವರ ಮೂಲಕ ಹಂಚಬಹುದು. ನಿಮ್ಮಲ್ಲಿ ಏಳೆಂಟು ಮಂದಿ ವಕೀಲಿ ವೃತ್ತಿಯಲ್ಲಿದ್ದೀರಿ, ಇಬ್ಬರು ಮುದ್ರಣಾಲಯ ನಡೆಸುತ್ತಿದ್ದೀರಿ. ಕಾನೂನಿನ ಅಂಶಗಳಲ್ಲಿ ತಪ್ಪಿಲ್ಲದಂತೆ ನೋಡಿಕೊಳ್ಳುವುದು ವಕೀಲರ ಪಾಲಿಗಿರಲಿ. ಭಾಷೆಯನ್ನು ತಿದ್ದುವುದು ನನ್ನ ಪಾಲಿಗೆ, ಕೆಂಪು ಶಾಯಿಯ ಪೆನ್ನು ಇನ್ನೂ ನನ್ನ ಬಳಿ ಇದೆ. ಮೊದಲ ಕರಡನ್ನು ಬರೆದಿಟ್ಟಿದ್ದೇನೆ. ಬೇಕಾದವರು ತಿಳಿಸಿದರೆ 27ರ ಭಾನುವಾರದೊಳಗೆ ಕಳುಹಿಸುತ್ತೇನೆ.